ಜವರನ ಲಂಗಕ್ಕೆ ಹಗಲಿನ ಅಂಗಿ

ಕಾಲು ಮಡಚಿಕೊಂಡು ಕೂತ್ಕೊಳ್ಳಿ. ನಡುವೆ ಎದ್ದು ನೀರು ಕುಡಿಯೋಕೆ ಹೋಗಬೇಡಿ. ಇದು ಕೋಪದ ಕತೆ, ಬಿಸಿ ಆರೋ ಮೊದಲೇ ಹೇಳಿ ಮುಗಿಸಬೇಕು.

ದಂಡಿನಕೊಪ್ಪಲು ಅಂತ ಒಂದು ಊರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಜವರ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲು ತುಂಬ. ಬುದ್ಧಿ ನೋಡಿದರೆ ಚಿಟಿಕೆಯಷ್ಟೂ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಹೇಳದೇ ಇದ್ದದ್ದನ್ನ ಏನು ಕೊಟ್ಟರೂ ಮಾಡನು. "ಹಾಲು ಉಕ್ಕಿದರೆ ಕೂಗೋ" ಅಂತ ಅವ್ವ ಹಿತ್ತಿಲಿಗೆ ಹೋದಳು ಅಂತಿಟ್ಕೊಳ್ಳಿ. ಹಾಲು ಉಕ್ಕಿತು. ಜವರ ಕೂಗಿದ. ಹಾಲು ಉಕ್ಕಿ ಒಲೆಗೆ ಸುರೀತಾ ಇತ್ತು, ಜವರ ಕೂಗ್ತಾ ಇದ್ದ. ಪಾತ್ರೆ ಬರಿದಾಯ್ತು, ಜವರನ ಗಂಟಲೂ ಒಣಗಿತು.

"ಇಳಿಸಬಾರದಿತ್ತೇನೋ!" ಅಂತ ಅವ್ವ ಹಣೆ ಚಚ್ಚಿಕೊಂಡರೆ,

"ಕೂಗು ಅಂದೆ, ಕೂಗ್ದೆ ಕಣವ್ವ" ಅನ್ನೋನು.

ಇಂಥ ಮಗನಿಗೆ ಒಂದೇ ಒಂದು ವಿದ್ಯೆ ಬರ್ತಿತ್ತು. ಚೀಲದ ಪೀಪಿ ಊದೋದು. ತೋಳಿನ ಸಂದಿಯಲ್ಲಿ ಚೀಲ ಅವುಚಿಕೊಂಡು ಅವನು ಊದಿದ ಅಂದರೆ ಕಟ್ಟಿದ ಎಮ್ಮೆಯೂ ಮೆಲುಕು ನಿಲ್ಲಿಸಿ ಕೇಳ್ತಿತ್ತು.

ಈ ಚೀಲದ ಪೀಪಿ ದಂಡಿನಕೊಪ್ಪಲಿಗೆ ಬಂದದ್ದು ಹೇಗೆ ಅಂತೀರಾ? ಹಿಂದೆ ಅಲ್ಲಿ ಬಿಳಿಯರ ದಂಡು ಇತ್ತು. ಅವರಲ್ಲಿ ಒಂದು ಪಡೆಯ ಗಂಡಸರು ಮಂಡಿವರೆಗೆ ನೆರಿಗೆ ನೆರಿಗೆಯಾದ ಲಂಗ ಉಡ್ತಿದ್ದರು. ಕಿಲ್ಟು ಅಂತ ಅದರ ಹೆಸರು. ಕೆಂಪು, ಹಸಿರು ಚೌಕಳಿ. ದಂಡು ಹೋಯ್ತು, ಲಂಗ ಉಳೀತು, ಪೀಪಿ ಉಳೀತು. ಊರಿನೋರು ಅದನ್ನೇ ಉಟ್ಟು, ಅದನ್ನೇ ಊದಿ, ಮದುವೆ ದಿಬ್ಬಣಕ್ಕೆ ಬ್ಯಾಂಡು ಕಟ್ಟಿದರು. ಸುತ್ತಲ ಸೀಮೆಗೆಲ್ಲ ಅದು "ಲಂಗದ ಬ್ಯಾಂಡು" ಅಂತಲೇ ಹೆಸರಾಯ್ತು.

ಜವರನ ಅಪ್ಪ ನಂಜಯ್ಯ ಆ ಬ್ಯಾಂಡಿನ ಮುಂದಾಳು. ಮುಂದಾಳು ಅಂದರೆ ಸುಮ್ಮನೆ ಅಲ್ಲ. ಅಷ್ಟು ಪೀಪಿ, ಅಷ್ಟು ಡೋಲು ಒಟ್ಟಿಗೆ ಬಾರಿಸುವಾಗ ಯಾರು ಕೂಗಿದರೂ ಯಾರ ಕಿವಿಗೂ ಬೀಳೋದಿಲ್ಲ. ಅದಕ್ಕೇ ಬ್ಯಾಂಡಿನಲ್ಲಿ ಒಂದು ಕಟ್ಟಳೆ: ಮುಂದಾಳು ಏನು ಮಾಡ್ತಾನೋ, ಹಿಂದಿನೋರೆಲ್ಲ ಅದನ್ನೇ ಮಾಡಬೇಕು. ಅವನು ನಿಂತರೆ ನಿಲ್ಲಬೇಕು. ಅವನು ತಿರುಗಿದರೆ ತಿರುಗಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಕೇಳಿದೋನಿಗೆ ಬ್ಯಾಂಡಿನಲ್ಲಿ ಜಾಗ ಇಲ್ಲ.

ನಂಜಯ್ಯ ತೀರಿಹೋದ. ಹಗಲಿನ ದಿಬ್ಬಣಕ್ಕೆ ಹಾಕ್ತಿದ್ದ ಪ್ರೀತಿಯ ಅಂಗಿ ಅವನ ಮೈಮೇಲೇ ಮಣ್ಣಿಗೆ ಹೋಯ್ತು. ಲಂಗ ಬ್ಯಾಂಡಿನದ್ದು, ಹಾಗಾಗಿ ಗೂಟದ ಮೇಲೆ ಉಳೀತು.

ಒಂದು ದಿನ ಬ್ಯಾಂಡ್ ಮೇಷ್ಟ್ರು ಅಂತೋಣಪ್ಪ ಬಂದು ಜಗಲಿ ಮುಂದೆ ನಿಂತರು. ಮೀಸೆ ಮುಂದೆ, ಮೇಷ್ಟ್ರು ಹಿಂದೆ.

"ನೋಡು ತಾಯಮ್ಮ, ಶುಕ್ರವಾರ ಹಗಲು ದಿಬ್ಬಣ ಐತೆ. ನಿನ್ನ ಮಗ ಹಗಲಿನ ಉಡುಪಲ್ಲಿ ನೆಟ್ಟಗೆ ಬಂದು ಮುಂದೆ ನಿಂತರೆ ಅವರಪ್ಪನ ಜಾಗ ಅವನದ್ದು. ಇಲ್ಲಾಂದ್ರೆ ಲಂಗ, ಪೀಪಿ ಎರಡೂ ತಂದು ಒಪ್ಪಿಸು. ನನ್ನ ಭಾಮೈದ ಕಾಯ್ತಾವ್ನೆ."

"ನಿಮ್ಮ ಭಾಮೈದ ಊದಿದರೆ ಮದುವೆ ಹೆಣ್ಣು ಓಡಿಹೋಗ್ತಾಳೆ!" ಅಂದಳು ಚಿಕ್ಕತಾಯಮ್ಮ.

"ಓಡಿಹೋಗಲಿ! ಲಂಗ ಉಡೋಕಾದ್ರೂ ಬತ್ತದೆ ಅವನಿಗೆ!" ಅಂದು ಮೇಷ್ಟ್ರು ಹೊರಟೇ ಹೋದರು.

ಚಿಕ್ಕತಾಯಮ್ಮನಿಗೆ ಕೋಪ ಬಂತು. ಮೇಷ್ಟ್ರ ಮೇಲೆ ಬಂತು, ಭಾಮೈದನ ಮೇಲೆ ಬಂತು, ಹೇಳದೆ ಕೇಳದೆ ಸತ್ತ ಗಂಡನ ಮೇಲೂ ಬಂತು. ಆ ಲಂಗ ಇನ್ನೊಬ್ಬನ ಸೊಂಟಕ್ಕೆ ಹೋದರೆ ಈ ಮಗನಿಗೆ ಈ ಊರಲ್ಲಿ ಇನ್ನೇನಿದೆ? ಕುರಿ ಮೇಯಿಸೋಕೆ ಕಳಿಸಿದರೆ ಕುರಿ ಕಳೀತಾನೆ, ಕಟ್ಟಿಗೆಗೆ ಕಳಿಸಿದರೆ ಕೊಡಲಿ ಕಳೀತಾನೆ. ಊದೋದು ಒಂದು ಬರ್ತದೆ. ಅದನ್ನೂ ಕಿತ್ಕೊಂಡರೆ?

"ಲೋ ಜವರ! ತಗೋ ಈ ಲಂಗ. ಪೇಟೆಗೆ ಹೋಗು. ಲಂಗಕ್ಕೆ ಹಿಡಿದು ನೋಡಿ, ಅದಕ್ಕೆ ಹೊಂದೋ ಬಟ್ಟೆ ತಗೊಂಡು, ಬುಡನ್ ಸಾಬರ ಹತ್ರ ಅಂಗಿ ಹೊಲಿಸ್ಕೊಂಡು ಬಾ. ಚೆನ್ನಾಗಿ ಹೊಂದಬೇಕು, ತಿಳೀತಾ?"

"ತಿಳೀತು ಕಣವ್ವ."

ಜವರ ಹೋದ. ಅಂಗಡಿ ಅಂಗಡಿ ಹತ್ತಿದ. ಒಂದೊಂದು ಬಟ್ಟೆಗೂ ಲಂಗ ಹಿಡಿದ. ನೀಲಿಗೆ ಹಿಡಿದ, ಹೊಂದಲಿಲ್ಲ. ಹಳದಿಗೆ ಹಿಡಿದ, ಹೊಂದಲಿಲ್ಲ. ಬಿಳಿಗೆ ಹಿಡಿದ. ಲಂಗದಲ್ಲಿ ಬಿಳಿ ಎಲ್ಲಿದೆ? ಅದೂ ಹೊಂದಲಿಲ್ಲ. ಬೀದಿಗೆ ಬಂದು ನೋಡ್ತಾನೆ, ಜಟಕಾ ಗಾಡಿ ನಿಂತಿದೆ. ಕುದುರೆ ಬೆನ್ನ ಮೇಲೆ ಹೊದಿಕೆ. ಕೆಂಪು, ಹಸಿರು ಚೌಕಳಿ! ಲಂಗ ಹಿಡಿದ. ಚೌಕಕ್ಕೆ ಚೌಕ, ಗೀಟಿಗೆ ಗೀಟು. ಗಾಡಿಯೋನು ಹೋಟೆಲ್ಲಿನಲ್ಲಿ ಟೀ ಕುಡೀತಿದ್ದ. ಜವರ ಹೊದಿಕೆ ಎಳಕೊಂಡ, ಕುದುರೆಗೆ ತನ್ನ ಟವಲ್ಲು ಹೊದಿಸಿದ, ನೆಟ್ಟಗೆ ಸಾಬರ ಅಂಗಡಿಗೆ ಬಂದ.

"ಏನಪ್ಪ ಇದು? ಕುದುರೆ ವಾಸನೆ ಬರ್ತದೆ" ಅಂದರು ಸಾಬರು.

"ಅವ್ವ ಹೇಳವ್ಳೆ. ಹೊಂದಬೇಕು ಅಂದವ್ಳೆ."

ಅವಳ ಬಾಯಿಗೆ ಹೆದರಿ ಸಾಬರು ಹೊಲಿದರು.

ಚಿಕ್ಕತಾಯಮ್ಮ ಸಂಜೆ ಬಾಗಿಲು ತೆಗೀತಾಳೆ, ಎದುರಿಗೆ ಒಂದು ಚೌಕಳಿ ಕಂಬ! ಕುತ್ತಿಗೆಯಿಂದ ಮಂಡಿವರೆಗೆ ಚೌಕಳಿಯೇ ಚೌಕಳಿ. ಅಂಗಿ ಎಲ್ಲಿ ಮುಗೀತು, ಲಂಗ ಎಲ್ಲಿ ಶುರುವಾಯ್ತು, ದೇವರಿಗೂ ತಿಳೀದು. ಮೇಲೆ ಒಂದು ತಲೆ, ಹಲ್ಲು ಕಿರಿದುಕೊಂಡು. ಹಿಂದೆ ಗಾಡಿಯೋನು, ಚಾವಟಿ ಎತ್ತಿಕೊಂಡು.

"ಕಳ್ಳ! ನನ್ನ ಕುದುರೆ ಚಳಿಗೆ ನಡುಗ್ತಾ ಐತೆ! ಬಿಚ್ಚೋ ನನ್ನ ಹೊದಿಕೆ!"

ಹೊದಿಕೆ ಬಿಚ್ಚಿ ಕೊಟ್ಟಿದ್ದಾಯ್ತು. ಅದಕ್ಕೆ ಈಗ ತೋಳು ಬಂದುಬಿಟ್ಟಿತ್ತು. ಗಾಡಿಯೋನು ಅದನ್ನ ನೋಡಿ ಇನ್ನಷ್ಟು ಬೈದ. ಅವನು ಹೋದ ಮೇಲೆ ಅವ್ವನ ಸರದಿ.

"ಮುಂಡೇದೆ! ನಿನ್ನ ಕುದುರೆ ಅಂತ ಹೆತ್ತೆನೇನೋ ನಾನು? ಹಗಲಿಗೆ ಬಿಳಿ ಕಣೋ, ಬಿಳಿ! ನಿಮ್ಮಪ್ಪ ಹಾಕ್ತಿದ್ದನಲ್ಲ, ಕಣ್ಣಿಗೆ ಮಣ್ಣು ಬಿದ್ದಿತ್ತಾ? ಹಾಲಿನ ಹಾಗೆ ಬೆಳ್ಳಗಿರಬೇಕು! ಒಂದು ಚುಕ್ಕೆ ಬಣ್ಣ ಕಾಣಬಾರದು! ತಲೇಲಿ ಇಟ್ಕೋ!"

"ಇಟ್ಕೊಂಡೆ ಕಣವ್ವ. ಹಾಲಿನ ಹಾಗೆ. ಚುಕ್ಕೆ ಬಣ್ಣ ಇಲ್ಲ."

ಇನ್ನು ಇವನನ್ನ ನಂಬಿದರೆ ಕೆಟ್ಟೆ ಅಂತ ಚಿಕ್ಕತಾಯಮ್ಮ ಪೆಟ್ಟಿಗೆ ತೆಗೆದಳು. ತಳದಲ್ಲಿ ನಂಜಯ್ಯನ ಹಬ್ಬದ ಪಂಚೆ ಇತ್ತು, ಮಡಿಕೆ ಕೆಡದ ಹಾಗೆ. ಒಂದು ಸಲ ಮೂಸಿ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, ಅದನ್ನ ಎತ್ಕೊಂಡು ಹೋಗಿ ಸಾಬರ ಮುಂದೆ ಹಾಕಿದಳು.

"ಸಾಬರೆ, ಇದರಲ್ಲಿ ಹೊಲೀರಿ. ಅವರಪ್ಪನ ಅಂಗಿ ಹೊಲಿದ ಕೈ ನಿಮ್ಮದು. ಎದೆಗೆ ಗುಂಡಿ ಬೇಡ, ಲಾಡಿ ಹಾಕಿ. ತೋಳು ದೊಡ್ಡದಿರಲಿ."

"ಗೊತ್ತಮ್ಮ ಗೊತ್ತು" ಅಂದರು ಸಾಬರು. "ಊದೋನಿಗೆ ಗುಂಡಿ ಹಾಕಿದರೆ ಹಾರಿಹೋಗ್ತದೆ. ಲಾಡಿ ಇದ್ದರೆ ಎದೆ ಉಬ್ಬಿದಷ್ಟೂ ಜಾಗ ಕೊಡ್ತದೆ. ನೀನು ಮಗನ್ನ ಮಾತ್ರ ಇತ್ತ ಕಳಿಸಬೇಡ ಮಾರಾಯ್ತಿ."

ಸಾಬರ ಹತ್ತಿರ ಹೋಗೋ ಮೊದಲು ಅವಳು ಮಗನಿಗೆ ಒಂದು ಕೆಲಸ ಹೇಳಿದ್ದಳು. "ಲಂಗಕ್ಕೆಲ್ಲ ಕುದುರೆ ಕೂದಲು ಮೆತ್ತಿಸಿದೀಯ. ಕೆರೆಗೆ ಹೋಗಿ ಒಗಕೊಂಡು ಬಾ." ಅಷ್ಟೇ. ಒಗೆಯೋದರಲ್ಲಿ ಏನು ಕೆಡಿಸಿಯಾನು?

ಜವರ ಕೆರೆಗೆ ಹೋದ. ಲಂಗ ನೆನೆಸಿದ, ಕುಕ್ಕಿದ, ಹಿಂಡಿದ. ಕೂದಲು ಹೋಯ್ತು. ಎತ್ತಿ ನೋಡಿದ. ಹಾಲಿನ ಹಾಗಿದೆಯಾ? ಇಲ್ಲ. ಚುಕ್ಕೆ ಬಣ್ಣ ಇದೆಯಾ? ಅಯ್ಯೋ, ಎಷ್ಟೊಂದು! ಮತ್ತೆ ಕುಕ್ಕಿದ. ಮತ್ತೆ ನೋಡಿದ. ಕೆಂಪು ಕೆಂಪಾಗೇ ಇದೆ, ಹಸಿರು ಹಸಿರಾಗೇ ಇದೆ. ಜವರನಿಗೂ ಕೋಪ ಬಂತು. "ಬೆಳ್ಳಗಾಗು! ಬೆಳ್ಳಗಾಗು! ಅವ್ವ ಹೇಳವ್ಳೆ!" ಅಂತ ಲಂಗಕ್ಕೆ ಬೈದ. ಪಕ್ಕದಲ್ಲಿ ಚಾವಡಿಗೆ ಸುಣ್ಣ ಬಳೀತಿದ್ದರು. ತೊಟ್ಟಿ ತುಂಬ ಕದಡಿದ ಸುಣ್ಣ. ಜವರ ನೋಡಿದ. ಲಂಗ ಎತ್ತಿ ತೊಟ್ಟಿಗೆ ಅದ್ದಿದ. ಇನ್ನೊಂದು ಸಲ ಅದ್ದಿದ. ಆಹಾ, ಹಾಲು!

ಚಿಕ್ಕತಾಯಮ್ಮ ಮನೆಗೆ ಬಂದಾಗ ಬೇಲಿ ಮೇಲೆ ಲಂಗ ಸೆಟೆದು ಕೂತಿತ್ತು, ಸುಣ್ಣ ಬಳಿದ ಗೋಡೆಯ ಚೂರಿನ ಹಾಗೆ. ಮುಟ್ಟಿದರೆ ಚಕ್ಕೆ ಏಳ್ತಿತ್ತು.

ಅವಳ ಬಾಯಿಂದ ಬೈಗುಳ ಹೊರಟಿತು. ಹೊರಟ ಮೇಲೆ ನಿಲ್ಲಲಿಲ್ಲ.

"ಹಾಳಾದೋನೆ! ಅಂಗಿ ಬಿಳಿ ಅಂದ್ರೆ ಲಂಗಕ್ಕೆ ಸುಣ್ಣ ಹೊಡೀತೀಯಾ? ನಾಳೆ ನನಗೂ ಹೊಡಿ! ಎಮ್ಮೆಗೂ ಹೊಡಿ! ಬ್ಯಾಂಡಿನ ಲಂಗ ಕಣೋ ಅದು, ಹೋದರೆ ಇನ್ನೊಂದು ಸಿಕ್ಕಲ್ಲ ಕಣೋ!"

"ಒಂದು ಚುಕ್ಕೆ ಬಣ್ಣ ಇಲ್ಲ ಕಣವ್ವ, ಬೇಕಾದ್ರೆ ನೋಡು."

"ನೋಡ್ದೆ! ನೋಡಿ ನನ್ನ ಕಣ್ಣು ಇಂಗಿಹೋಯ್ತು!"

ಕೈ ಉರಿಯೋ ಹಾಗೆ ತಿಕ್ಕಿ ತಿಕ್ಕಿ ಅವಳೇ ಸುಣ್ಣ ಬಿಡಿಸಿದಳು. ಬಣ್ಣ ಒಂಚೂರು ಮಾಸಿತ್ತು, ಆದರೂ ದೇವರ ದಯೆ, ಉಳಿದಿತ್ತು. ಆದರೆ ನೆರಿಗೆಯೆಲ್ಲ ಸತ್ತುಹೋಗಿ ಲಂಗ ಗೋಣಿತಾಟಿನ ಹಾಗೆ ಜೋತುಬಿತ್ತು. ಒಂದೊಂದೇ ನೆರಿಗೆ ಹಿಡಿದು, ಮಡಿಸಿ, ಹಲಗೆ ಮುಚ್ಚಿ, ಮೇಲೆ ರುಬ್ಬೋ ಗುಂಡು ಇಟ್ಟಳು.

"ನೋಡ್ಕೋ. ಕಣ್ಣು ಬಿಟ್ಟು ನೋಡ್ಕೋ. ಒದ್ದೆ ಇದ್ದಾಗಲೇ ಸಣ್ಣ ಸಣ್ಣ ನೆರಿಗೆ ಹಿಡೀಬೇಕು. ಮೇಲೆ ಗುಂಡು ಹೇರಬೇಕು. ಬ್ಯಾಂಡಿನ ಬಟ್ಟೆ ಅಂದರೆ ಹೀಗೆ! ಸುಣ್ಣ ಅಲ್ಲ!"

"ನೆರಿಗೆ. ಗುಂಡು. ಸುಣ್ಣ ಅಲ್ಲ" ಅಂದ ಜವರ.

ಮಾರನೇ ದಿನ ಚಿಕ್ಕತಾಯಮ್ಮ ಗೌಡರ ಗದ್ದೆಗೆ ಕಳೆ ಕೀಳೋಕೆ ಹೋಗಿದ್ದಳು. ಸಾಬರು ಪಾಪ, ಅಂಗಿಯನ್ನ ತಾವೇ ಮನೆಗೆ ತಂದು ಕೊಟ್ಟು ಹೋದರು. ಎಂಥ ಅಂಗಿ! ಹಾಲು ಅಂದರೆ ಹಾಲು. ಎದೆ ಮೇಲೆ ಅಡ್ಡಡ್ಡ ಲಾಡಿ. ತೋಳು ಎರಡು ದಿಂಬಿನ ಚೀಲದ ಹಾಗೆ. ಕಾಲರ್ ಮೆತ್ತಗೆ, ಕುತ್ತಿಗೆಗೆ ಬೆಣ್ಣೆ ಸವರಿದ ಹಾಗೆ.

ಜವರ ಅಂಗಿ ನೋಡಿದ. ಬ್ಯಾಂಡಿನ ಬಟ್ಟೆ. ಅವ್ವ ಏನಂದಳು? ಒದ್ದೆ ಮಾಡಿದ. ಸಣ್ಣ ಸಣ್ಣ ನೆರಿಗೆ ಹಿಡಿದ. ಎದೆಗೆ ಹಿಡಿದ, ಬೆನ್ನಿಗೆ ಹಿಡಿದ, ತೋಳಿಗೂ ಬಿಡಲಿಲ್ಲ. ಒಲೆ ಮೇಲೆ ಅನ್ನ ಬಸಿದ ಗಂಜಿ ಕಂಡಿತು. ಗಂಜಿ ಹಾಕಿದರೆ ನೆರಿಗೆ ನಿಲ್ತದೆ ಅಂತ ಅವ್ವ ಸೀರೆಗೆ ಹಾಕುವಾಗ ಹೇಳಿದ್ದಳಲ್ಲ, ಅದನ್ನೂ ಸುರಿದ. ಮೇಲೆ ಗುಂಡು ಹೇರಿ, ಗುಂಡಿನ ಮೇಲೆ ತಾನೂ ಕೂತ.

ಅವ್ವ ಬಂದು ಗುಂಡು ಎತ್ತಿಸಿದಳು. ಅಂಗಿ ಎತ್ತಿದಳು. ಅಂಗಿ ಎಲ್ಲಿ? ಕೈಯಲ್ಲಿ ಇದ್ದದ್ದು ಬೀಸಣಿಗೆ. ಬಿಡಿಸಿದರೆ ಟರ್ರ್ ಅಂತ ಬಿಚ್ಚಿಕೊಳ್ತಿತ್ತು, ಬಿಟ್ಟರೆ ಟಪ್ ಅಂತ ಮುಚ್ಚಿಕೊಳ್ತಿತ್ತು.

"ಅಯ್ಯೋ ನನ್ನ ಗಂಡನ ಪಂಚೆ! ಅಯ್ಯೋ ಹಬ್ಬದ ಪಂಚೆ!"

"ನೆರಿಗೆ ಚೆನ್ನಾಗಿ ಕೂತೈತಾ ಅವ್ವ? ನಾನೂ ಮೇಲೆ ಕೂತಿದ್ದೆ."

"ನಿನ್ನ ಮೇಲೆ ಆ ಗುಂಡು ಕೂರಿಸ್ತೀನಿ ನಾನು! ನೆರಿಗೆ ಲಂಗಕ್ಕೆ ಕಣೋ! ಊದೋನ ಮೈಗೆ ನೆರಿಗೆ ಕಟ್ಟಿದರೆ ಉಸಿರು ಎಲ್ಲಿಂದ ಬರಬೇಕೋ? ಊದೋನ ಮೈಮೇಲೆ ಬಟ್ಟೆ ಸಡಿಲ ಇರಬೇಕು! ಗಾಳಿ ಆಡಬೇಕು! ಲಾಡಿ ಬಿಗಿಯಬಾರದು, ಗಂಟು ಹಾಕಬಾರದು, ಸುಮ್ಮನೆ ಇಳಿಬಿಡಬೇಕು! ಸಡಿಲ! ಸಡಿಲ! ಕೇಳಿಸ್ತಾ?"

"ಸಡಿಲ, ಸಡಿಲ" ಅಂದ ಜವರ.

ಬಿಸಿನೀರಿಗೆ ಹಾಕಿ ಗಂಜಿ ಬಿಡಿಸಿ, ಚೊಂಬಿನಲ್ಲಿ ಕೆಂಡ ತುಂಬಿ ಉಜ್ಜಿ ಉಜ್ಜಿ, ಅವಳು ಅಂಗಿಯನ್ನ ಮತ್ತೆ ಅಂಗಿ ಮಾಡಿದಳು. ಹಾಗೆ ಉಜ್ಜುತ್ತಾ ಉಜ್ಜುತ್ತಾ ಅತ್ತಳು ಕೂಡ. ಅತ್ತದ್ದು ಗೊತ್ತಾಗಬಾರದು ಅಂತ ಇನ್ನೂ ಜೋರಾಗಿ ಬೈದಳು.

ಗುರುವಾರ ದೀಪ ಹಚ್ಚೋ ಹೊತ್ತು. ಉಡುಪು ಒಂದು ಸಲ ಮೇಷ್ಟ್ರ ಕಣ್ಣಿಗೆ ಬೀಳಲಿ, ಆಮೇಲೆ ಬಾಯಿ ತೆಗೆಯೋ ಹಾಗಿರಬಾರದು ಅಂತ ಅವಳು ಮಗನನ್ನ ಕರಕೊಂಡು ಹೊರಟಳು. ಬಿಳಿ ಅಂಗಿ, ಚೌಕಳಿ ಲಂಗ. ಬೀದಿಯೋರು ನಿಂತು ನೋಡಿದರು. "ನಂಜಯ್ಯನೇ ಎದ್ದು ಬಂದ ಹಾಗಿದೆ" ಅಂದಳು ಒಬ್ಬಳು. ಚಿಕ್ಕತಾಯಮ್ಮನಿಗೆ ಎದೆ ತುಂಬಿ ಬಂತು. ಮಗ ಪೀಪಿಯ ಚೀಲವನ್ನ ಹೊಟ್ಟೆಗೆ ಅವುಚಿಕೊಂಡು ನಡೀತಿದ್ದ. ಹಾಗೆ ಯಾಕೆ ಅವುಚಿಕೊಂಡಿದ್ದಾನೆ ಅಂತ ಅವಳಿಗೆ ಹೊಳೀಲಿಲ್ಲ.

ಮೇಷ್ಟ್ರ ಜಗಲಿ ಮೇಲೆ ಮೇಷ್ಟ್ರು, ಮೇಷ್ಟ್ರ ಹೆಂಡತಿ, ಆ ಭಾಮೈದ. ಮೂರೂ ಜನ ಕಣ್ಣು ಬಿಟ್ಟರು.

"ಪರವಾಗಿಲ್ವೇ! ಎಲ್ಲಿ, ಒಂದು ಊದು ನೋಡುವಾ" ಅಂದರು ಮೇಷ್ಟ್ರು.

ಜವರ ಎದೆ ತುಂಬ ಉಸಿರೆಳೆದು ಚೀಲವನ್ನ ತೋಳಿನ ಸಂದಿಗೆ ಎತ್ತಿದ. ಚೀಲ ಮೇಲೆ ಹೋಯ್ತು, ಲಂಗ ಕೆಳಗೆ ಬಂತು. ಜರ್ರಂತ ಇಳಿದು ಪಾದದ ಸುತ್ತ ಕೋಳಿಗೂಡಿನ ಹಾಗೆ ಕೂತಿತು. ಒಳಗೆ ಪಟ್ಟಾಪಟ್ಟಿ ಚಡ್ಡಿ ಇತ್ತು, ಅಷ್ಟು ಪುಣ್ಯ. ಮೇಷ್ಟ್ರ ಹೆಂಡತಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಭಾಮೈದ ಉರುಳಾಡಿ ನಕ್ಕ. ಜವರ ಮಾತ್ರ ನಿಲ್ಲಿಸಲಿಲ್ಲ, ಊದು ಅಂದಿದ್ದರಲ್ಲ, ಊದ್ತಾನೇ ಇದ್ದ.

"ನಿಲ್ಲಿಸೋ!" ಅಂತ ಮೇಷ್ಟ್ರು ಅಬ್ಬರಿಸಿದರು. "ಬೆಲ್ಟು ಎಲ್ಲೋ? ಬಕಲ್ಲು ಯಾಕೋ ಹಾಕಿಲ್ಲ?"

"ಊದೋನ ಮೈಮೇಲೆ ಸಡಿಲ ಇರಬೇಕು ಅಂದ್ಲು ಅವ್ವ. ಗಾಳಿ ಆಡಬೇಕು ಅಂದ್ಲು."

"ಆಡ್ತಲ್ಲ! ಊರಿಗೆಲ್ಲ ಆಡ್ತಲ್ಲ ಗಾಳಿ!" ಮೇಷ್ಟ್ರ ಮೀಸೆ ಕುಣೀತಿತ್ತು. "ಅಂಗಿ ಸಡಿಲ, ಲಂಗ ಬಿಗಿ! ಅದೂ ಹೋಗಲಿ, ಇದೇನಿದು, ದೀಪ ಹಚ್ಚಿದ ಮೇಲೆ ಬಿಳಿ ಅಂಗಿ? ನಿಮ್ಮಪ್ಪ ಹೇಳಿಲ್ವಾ? ಹಗಲಿಗೆ ಬಿಳಿ ಅಂಗಿ, ಕತ್ತಲಿಗೆ ಕರಿ ಕೋಟು! ಕತ್ತಲಲ್ಲಿ ಬಿಳಿ ಅಂಗಿ ಹಾಕಿ ಈ ಬ್ಯಾಂಡಿನ ಮಾನ ಯಾರೂ ಕಳೆದಿಲ್ಲ. ಕೇಳ್ಕೋ, ಕತ್ತಲು ಕಂಡ ಕೂಡಲೇ ಬಿಳಿ ಅಂಗಿ ಮೈಮೇಲೆ ಇರಕೂಡದು! ಎಲ್ಲೇ ಇರು, ಎದುರಿಗೆ ಯಾರೇ ಇರಲಿ, ಬಿಚ್ಚಬೇಕು! ನಾಳೆ ಒಂದು ತಪ್ಪು ಆದರೆ, ಒಂದೇ ಒಂದು, ಆ ಲಂಗ ಇವನ ಸೊಂಟಕ್ಕೆ!"

ಭಾಮೈದ ಸೊಂಟ ತಿರುಗಿಸಿ ತೋರಿಸಿದ.

ಚಿಕ್ಕತಾಯಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳು ಬೈದಾಗ ಹೆದರದ ಜವರ, ಅವಳು ಸುಮ್ಮನಿದ್ದದ್ದಕ್ಕೆ ಹೆದರಿದ.

"ಬೈಯವ್ವ" ಅಂದ.

"ಬೈಗುಳ ಮುಗಿದುಹೋಯ್ತು ಕಣೋ" ಅಂದಳು.

ಶುಕ್ರವಾರ ಬಂತು. ಒಳ್ಳೆ ಬಿಸಿಲು. ಚಿಕ್ಕತಾಯಮ್ಮ ತಾನೇ ನಿಂತು ಬೆಲ್ಟು ಬಿಗಿದು, ಬಕಲ್ಲು ಹಾಕಿ, ಅಂಗಿ ಲಾಡಿ ಸಡಿಲ ಬಿಟ್ಟು, ತಲೆ ಬಾಚಿ ಕಳಿಸಿದಳು. ರೈಲ್ವೆ ಸ್ಟೇಷನ್ನಿನಿಂದ ದಿಬ್ಬಣ ಹೊರಟಿತು. ಮುಂದೆ ಜವರ. ಹಿಂದೆ ಸಾಲು ಸಾಲು ಪೀಪಿ, ಡೋಲು, ಎಲ್ಲರೂ ಬಿಳಿ ಅಂಗಿ, ಚೌಕಳಿ ಲಂಗ. ಅದರ ಹಿಂದೆ ಕುದುರೆ ಮೇಲೆ ಮದುವೆ ಗಂಡು. ಅದೇ ಜಟಕಾದ ಕುದುರೆ, ಮೇಲೆ ಅದೇ ತೋಳಿರೋ ಹೊದಿಕೆ. ಅದರ ಹಿಂದೆ ನೆಂಟರು. ಎಲ್ಲರ ಹಿಂದೆ ಕರಿ ಕೋಟಿನ ಪೆಟ್ಟಿಗೆ ಹೇರಿದ ಗಾಡಿ, ಗಾಡಿ ಪಕ್ಕದಲ್ಲಿ ಮೇಷ್ಟ್ರು.

ಜವರ ಊದಿದ. ಏನು ಊದಿದ! ಕಿಟಕಿ ಕಿಟಕಿಗೆ ಜನ. ರಸ್ತೆ ಪಕ್ಕದಲ್ಲೇ ನಡೀತಿದ್ದ ಚಿಕ್ಕತಾಯಮ್ಮ ಸೆರಗು ಬಿಗಿದುಕೊಂಡು, "ನೋಡಿ, ನೋಡಿ, ಹೊಟ್ಟೆ ಉರ್ಕೊಳಿ" ಅಂತ ತನ್ನಷ್ಟಕ್ಕೆ ಅಂದುಕೊಂಡಳು.

ಛತ್ರಕ್ಕೆ ಹೋಗಬೇಕಾದರೆ ರೈಲು ಹಳಿ ಕೆಳಗಿನ ಕಲ್ಲಿನ ಕಮಾನು ದಾಟಬೇಕು. ಹಳೇ ಕಮಾನು, ಉದ್ದ, ನಡುವೆ ಒಂದು ತಿರುವು. ಆ ತಿರುವಿನಲ್ಲಿ ನಡುಹಗಲೂ ಕಗ್ಗತ್ತಲು. ಚಿಕ್ಕತಾಯಮ್ಮನಿಗೆ ಮೇಷ್ಟ್ರ ಮಾತು ನೆನಪಾಯ್ತು, ಮುಂದಕ್ಕೆ ಓಡಿದಳು.

"ಬೇಡ್ವೋ ಜವರ! ಅದು ಕತ್ತಲಲ್ಲ ಕಣೋ!" ಅಂತ ಕಿರುಚಿದಳು. ಪೀಪಿ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಜವರ ತಿರುವಿಗೆ ಬಂದ. ಕತ್ತಲು ಕಂಡಿತು. ನಿಂತ. ಪೀಪಿ ಇಳಿಸಿದ. ಲಾಡಿ ಎಳೆದ. ಅಂಗಿ ಬಿಚ್ಚಿದ. ಕರಿ ಕೋಟು ಗಾಡಿಯಲ್ಲಿತ್ತು, ಅದನ್ನ ತಾ ಅಂತ ಯಾರೂ ಹೇಳಿರಲಿಲ್ಲ. ಹಿಂದಿನ ಸಾಲಿನೋರು ಮುಖ ಮುಖ ನೋಡಿಕೊಂಡರು. ಆದರೆ ಕಟ್ಟಳೆ ಕಟ್ಟಳೆಯೇ. ಮುಂದಾಳು ಮಾಡಿದ್ದನ್ನ ಮಾಡಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ. ಅವರೂ ಬಿಚ್ಚಿದರು. ಅವರ ಹಿಂದಿನೋರೂ ಬಿಚ್ಚಿದರು. ಕತ್ತಲಲ್ಲಿ ಒಬ್ಬನ ಮೊಣಕೈ ಇನ್ನೊಬ್ಬನ ಮೂಗಿಗೆ ಬಡೀತು, ಡೋಲು ಉರುಳಿತು, ಕುದುರೆ ಕೆನೆಯಿತು, ಗಂಡಿನ ಪೇಟ ಬಿತ್ತು.

"ಯಾಕ್ರೋ ನಿಂತ್ರಿ? ಮುಹೂರ್ತ ಮೀರ್ತದೆ!" ಅಂತ ಹಿಂದಿನಿಂದ ನೆಂಟರು ಬೊಬ್ಬೆ ಹೊಡೆದರು.

ಜವರ ಪೀಪಿ ಎತ್ತಿದ. ನಡೆದ.

ಆ ಕಡೆ ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆಯ ಹೆಂಗಸರು ಆರತಿ ಹಿಡಿದು ಕಾಯ್ತಿದ್ದರು. ಕಮಾನಿನಿಂದ ಮೊದಲು ಬಂದದ್ದು ಇಂಪಾದ ಪೀಪಿ ಸದ್ದು. ಆಮೇಲೆ ಬಂದದ್ದು ಬ್ಯಾಂಡು. ಸೊಂಟದಿಂದ ಕೆಳಗೆ ಚೌಕಳಿ ಲಂಗ, ಸೊಂಟದಿಂದ ಮೇಲೆ ಬರೀ ಹೊಟ್ಟೆ. ದೊಡ್ಡ ಹೊಟ್ಟೆ, ಸಣ್ಣ ಹೊಟ್ಟೆ, ಕೂದಲ ಎದೆ, ಬೋಳು ಎದೆ. ಆರತಿ ತಟ್ಟೆ ಠಣ್ ಅಂತ ಬಿತ್ತು.

ಬಿಸಿಲು ಕಂಡಿತು. ಹಗಲಿಗೆ ಬಿಳಿ ಅಂಗಿ! ಜವರ ಮತ್ತೆ ನಿಂತ. ಅಂಗಿ ಹಾಕಿಕೊಂಡ. ಹಿಂದಿನೋರೂ ನಿಂತು ಹಾಕಿಕೊಂಡರು. ಯಾರದ್ದೋ ಅಂಗಿ ಯಾರಿಗೋ. ಡೊಳ್ಳುಹೊಟ್ಟೆ ಮರಿಯಪ್ಪನಿಗೆ ಸಿಕ್ಕಿದ ಅಂಗಿ ಹೊಕ್ಕಳಿನಿಂದ ಮೇಲೇ ನಿಂತಿತು.

"ಏನ್ರೀ ಇದು? ನಮ್ಮ ಮನೆ ಮದುವೇನಾ, ಗರಡಿ ಮನೇನಾ?" ಅಂತ ಹೆಣ್ಣಿನ ಅಪ್ಪ ಹಾರಾಡಿದ.

ಮೇಷ್ಟ್ರು ಹಿಂದಿನಿಂದ ಓಡಿ ಬಂದರು. ಮುಖ ಕೆಂಡ, ಮೀಸೆ ಹೊಗೆ.

"ಕತ್ತಲು ಕಂಡರೆ ಬಿಚ್ಚು ಅಂದ್ರಿ ಮೇಷ್ಟ್ರೆ, ಬಿಚ್ಚಿದೆ" ಅಂದ ಜವರ.

"ಮುಗೀತು! ನಿನ್ನ ಋಣ ಮುಗೀತು! ಕೊಡೋ ಆ ಲಂಗ! ಈಗಲೇ! ಇಲ್ಲೇ! ನಿಂತ ಜಾಗದಲ್ಲೇ ಬಿಚ್ಚಿ ಕೊಡು!"

ಚಿಕ್ಕತಾಯಮ್ಮ ರಸ್ತೆ ಪಕ್ಕದಲ್ಲಿ ಕುಸಿದು ಕೂತಳು. ಗಂಡನ ಲಂಗ ಹೋಯ್ತು. ಮಗನ ಅನ್ನ ಹೋಯ್ತು. ಭಾಮೈದ ಮುಂದೆ ಬಂದು ಕೈ ಚಾಚಿಕೊಂಡು ನಿಂತ.

ಈಗಲೇ ಅಂದರೆ ಈಗಲೇ. ಇಲ್ಲೇ ಅಂದರೆ ಇಲ್ಲೇ. ಜವರ ಬೆಲ್ಟಿಗೆ ಕೈ ಹಾಕಿದ. ಬಕಲ್ಲು ಟಕ್ ಅಂದಿತು.

ಹಿಂದೆ ಇನ್ನೊಂದು ಬಕಲ್ಲು ಟಕ್ ಅಂದಿತು. ಅದರ ಹಿಂದೆ ಇನ್ನೊಂದು. ಟಕ್. ಟಕ್. ಟಕ್. ಮೇಷ್ಟ್ರು ತಿರುಗಿ ನೋಡಿದರು. ಸಾಲಿಗೆ ಸಾಲೇ ಬೆಲ್ಟು ಬಿಚ್ಚುತ್ತಾ ಇದೆ! ಮುಂದಾಳು ಮಾಡಿದ್ದನ್ನ ಮಾಡಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಆ ಕಟ್ಟಳೆಯನ್ನ ಹೊಡೆದು ಬಡಿದು ಕಲಿಸಿದ್ದು ಈ ಮೇಷ್ಟ್ರೇ. ಎಲ್ಲರೂ ಜವರನ ಹಾಗೆ ಒಳಗೆ ಚಡ್ಡಿ ಹಾಕಿದ್ದರು ಅಂತ ಹೇಳೋಕಾಗಲ್ಲ. ಒಳಗೆ ಏನೂ ಹಾಕದ ಬಿಳಿಯರ ಪದ್ಧತಿಯನ್ನ ತಪ್ಪದೆ ಪಾಲಿಸೋರೂ ಇದ್ದರು. ಹೆಣ್ಣಿನ ಕಡೆಯ ಮುದುಕಿಯೊಬ್ಬಳು "ರಾಮ ರಾಮ" ಅಂತ ಕಣ್ಣು ಮುಚ್ಚಿ, ಬೆರಳ ಸಂದಿ ಬಿಟ್ಟಳು.

"ಬೇಡ!" ಮೇಷ್ಟ್ರ ಧ್ವನಿ ಪೀಪಿಗಿಂತ ಮೇಲೆ ಹೋಯ್ತು. "ಬೇಡಪ್ಪ! ಬಿಚ್ಚಬೇಡ! ಕಟ್ಕೋ! ಕಟ್ಕೋ ಜವರ, ನಿನ್ನ ದಮ್ಮಯ್ಯ ಅಂತೀನಿ! ನೀನೇ ಮುಂದಾಳು! ಈ ಜನ್ಮದಲ್ಲಿ ಆ ಲಂಗ ಬಿಚ್ಚಬೇಡ!"

ಜವರ ಕಟ್ಟಿಕೊಂಡ. ಟಕ್, ಟಕ್, ಟಕ್. ಎಲ್ಲರೂ ಕಟ್ಟಿಕೊಂಡರು.

ಚಿಕ್ಕತಾಯಮ್ಮ ಕೂತವಳು ಎದ್ದು ನಿಂತಳು. ಸೆರಗು ಕೊಡವಿದಳು. "ಎಲ್ಲರೂ ಕೇಳಿಸ್ಕೊಂಡ್ರಾ? ನನ್ನ ಮಗನೇ ಮುಂದಾಳು! ಮೇಷ್ಟ್ರು ಈ ಜನ್ಮಕ್ಕೆ ಅಂದವ್ರೆ! ನೀನೇನೋ ಕೈ ಚಾಚ್ಕೊಂಡು ನಿಂತಿದೀಯ, ಭಿಕ್ಷೆ ಹಾಕ್ಲಾ?" ಭಾಮೈದ ಕೈ ಹಿಂದಕ್ಕೆ ಕಟ್ಟಿಕೊಂಡ.

ಅಲ್ಲಿಗೆ ಅವಳ ಕೋಪ ಇಳೀತು ಅಂದ್ಕೊಂಡ್ರಾ? ಎಲ್ಲಿಂದ ಇಳೀತದೆ! ಆವತ್ತಿನಿಂದ ಜವರ ಲಂಗ ಬಿಚ್ಚಲಿಲ್ಲ. ಉಣ್ಣುವಾಗ ಲಂಗ. ಮಲಗುವಾಗ ಲಂಗ. ಶನಿವಾರ ಎಣ್ಣೆ ಹಚ್ಚಿ, ಹಂಡೆ ನೀರು ಕಾಯಿಸಿ, "ಬಿಚ್ಚಿ ಬಾರೋ" ಅಂದರೆ, "ಮೇಷ್ಟ್ರು ಬಿಚ್ಚಬೇಡ ಅಂದವ್ರೆ ಕಣವ್ವ" ಅಂತ ಲಂಗದ ಸಮೇತ ಬಚ್ಚಲಲ್ಲಿ ಕೂತ. ನೀರು ಹುಯ್ಯಿಸಿಕೊಂಡು ತೊಟಕ್ ತೊಟಕ್ ಅಂತ ಮನೆಯೆಲ್ಲ ಓಡಾಡಿದ.

"ದರಿದ್ರದೋನೆ! ನೆಲವೆಲ್ಲ ಕೆಸರು! ಒದ್ದೆ ಲಂಗ ಹಗ್ಗದ ಮೇಲೆ ಇರಬೇಕು ಕಣೋ, ಒಣಗೋವರೆಗೂ ಹಗ್ಗದ ಮೇಲೆ ಇರಬೇಕು!" ಅಂತ ಅವ್ವ ಕಿರುಚಿದಳು.

ಬಿಚ್ಚೋ ಹಾಗಿಲ್ಲ. ಹಗ್ಗದ ಮೇಲೆ ಇರಬೇಕು. ಜವರ ಹಿತ್ತಿಲಿಗೆ ಹೋದ. ಬಟ್ಟೆ ಹಗ್ಗದ ಮೇಲೆ ಹೊಟ್ಟೆ ಹಾಕಿ ಜೋತುಬಿದ್ದ, ತಲೆ ಈ ಕಡೆ, ಕಾಲು ಆ ಕಡೆ. ಸುಮ್ಮನೆ ಯಾಕೆ ಇರಬೇಕು ಅಂತ ಪೀಪಿಯನ್ನೂ ಜೊತೆಗೆ ತಗೊಂಡಿದ್ದ.

ಒಣಗಿದ ಮೇಲೆ ಇಳೀ ಅಂತ ಅವಳು ಹೇಳಲಿಲ್ಲ. ಕಟ್ಟಿದ ಎಮ್ಮೆ ಮೆಲುಕು ನಿಲ್ಲಿಸಿತು. ಚಿಕ್ಕತಾಯಮ್ಮ ಸೌಟು ಹಿಡಕೊಂಡು ಬಾಗಿಲಲ್ಲಿ ನಿಂತಳು, ಬಾಯ್ತುಂಬ ಬೈಗುಳ ಇತ್ತು, ಹಾಡು ಮುಗಿದ ಮೇಲೆ ಬೈಯೋಣ ಅಂತ ಕಾಯ್ತಾ ನಿಂತಳು. ಅವನು ಮುಗಿಸಲಿಲ್ಲ, ಅವಳು ಬೈಯಲಿಲ್ಲ. ಏಳಿ ಈಗ, ಹೋಗಿ ನೀರು ಕುಡೀರಿ.